ಚಕ್ರದ ಹಿಂದಿನ ಕಲ್ಲು

ಓಡುವುದನ್ನು ಹೊಗಳಿದವರು ಲೋಕದಲ್ಲಿ ಬಹಳ. ನಿಲ್ಲುವುದನ್ನು ಹೊಗಳಿದವರು ವಿರಳ. ಮನೆಗೆ ಹೊಸ ವಾಹನ ಬಂದರೆ ನೆರೆಯವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ವೇಗ ಹೋಗುತ್ತದೆ?" ಎಂಬುದು, ಎರಡನೆಯದು, "ಲೀಟರಿಗೆ ಎಷ್ಟು ಕೊಡುತ್ತದೆ?" ಎಂಬುದು. "ಎಷ್ಟು ದೂರದಲ್ಲಿ ನಿಲ್ಲುತ್ತದೆ?" ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅಪಶಕುನವೆಂದು ಮನೆಯ ಹಿರಿಯರು ಮುಖ ಸಿಂಡರಿಸಿಯಾರು. ಆದರೆ ಇಳಿಜಾರಿನಲ್ಲಿ ಗಾಡಿ ಹೊಡೆದ ನಮ್ಮ ಹಿಂದಿನವರಿಗೆ ಈ ಪ್ರಶ್ನೆಯ ಬೆಲೆ ಗೊತ್ತಿತ್ತು. ಎತ್ತಿನ ಕೊರಳ ಮೇಲೆ ಭಾರ ಬೀಳದಂತೆ ಗಾಲಿಗೆ ಮರದ ತುಂಡನ್ನು ಒತ್ತಿ ಹಿಡಿಯುವ ಉಪಾಯ ಅವರದು. ಇಂದಿನ ಬ್ರೇಕುಗಳೆಲ್ಲ, ಎಷ್ಟೇ ನಯನಾಜೂಕಿನವಾಗಿರಲಿ, ಆ ಮರದ ತುಂಡಿನ ಮೊಮ್ಮಕ್ಕಳೇ ಸರಿ.

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದಲ್ಲಿ ಒಂದು ಮನೆಯವರಿಗೆ ಈ ಪ್ರಶ್ನೆ ಒಂದು ಸಂಜೆ ಬಹಳ ಹತ್ತಿರದಿಂದ ಎದುರಾಯಿತು. ಊರಿನ ಹೆಸರಿನಲ್ಲಿ ಸಮುದ್ರವಿದೆಯೇ ಹೊರತು ಸುತ್ತ ಇರುವುದು ಕೆಮ್ಮಣ್ಣಿನ ಹೊಲ, ನೀಲಗಿರಿ ತೋಪು, ಬಂಡೆಗುಡ್ಡ, ಮಳೆರಾಯನ ಕೃಪೆಯಿದ್ದರೆ ತುಂಬುವ ಕೆರೆ. ಒಂದು ಕಡೆ ಆಂಧ್ರ, ಮತ್ತೊಂದು ಕಡೆ ತಮಿಳುನಾಡು ಹತ್ತಿರವಾದ್ದರಿಂದ ಬೀದಿಯಲ್ಲಿ ಕ್ಷಣ ನಿಂತರೆ ಮೂರು ಭಾಷೆಗಳೂ ಕಿವಿಗೆ ಬೀಳುತ್ತವೆ. ಸುಗ್ಗಿಯ ದಿನಗಳಲ್ಲಿ ಆ ಕಡೆಯ ಕಾಡುಗಳಿಂದ ಆನೆಗಳೂ ಎಲ್ಲೆಯ ಲೆಕ್ಕವಿಡದೆ ಈ ಸೀಮೆಗೆ ಬರುತ್ತವೆ. ಅದು ಇಲ್ಲಿನ ರೈತರ ಹಳೆಯ ಸಂಕಟ.

ಆ ಮನೆಯ ಯಜಮಾನರು ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಹೆಸರು ಬೇಡ, ಊರವರು ಕರೆಯುವಂತೆ ಮೇಷ್ಟ್ರೆಂದರೆ ಸಾಕು. ಎರಡೆಕರೆಯಲ್ಲಿ ಟೊಮೇಟೊ ಬೆಳೆಯುತ್ತಾರೆ. ಮಗ ಬಂಗಾರಪೇಟೆಯಿಂದ ರೈಲು ಹಿಡಿದು ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾನೆ. ಸೊಸೆ, ಮೊಮ್ಮಗಳು, ಮೇಷ್ಟ್ರ ಹೆಂಡತಿ, ಇವರೊಡನೆ ಮನೆಯ ಆರನೆಯ ಸದಸ್ಯನೆಂದರೆ ಎರಡು ದಶಕ ಕಳೆದ ಒಂದು ಜೀಪು ಜಾತಿಯ ವಾಹನ. ವಾರದ ದಿನಗಳಲ್ಲಿ ಅದು ಕೋಲಾರದ ಮಂಡಿಗೆ ಟೊಮೇಟೊ ಪೆಟ್ಟಿಗೆ ಹೊರುತ್ತದೆ. ಹಬ್ಬಹರಿದಿನಗಳಲ್ಲಿ ಕುಂಕುಮ ಹಚ್ಚಿಸಿಕೊಂಡು ನೆಂಟರನ್ನು ಹೊರುತ್ತದೆ.

ಈ ಸದಸ್ಯನಿಗೆ ಒಂದು ದೌರ್ಬಲ್ಯವಿತ್ತು. ಮನೆಯ ಮುಂದಿನ ಅಂಗಳ ಬೀದಿಯ ಕಡೆಗೆ ಇಳಿಜಾರು. ಕೈಬ್ರೇಕನ್ನು ಎಷ್ಟು ಎಳೆದರೂ ವಾಹನ ಮೆಲ್ಲನೆ ಹಿಂದಕ್ಕೆ ಜಾರುತ್ತಿತ್ತು. ಅದಕ್ಕೆ ಪರಿಹಾರವಾಗಿ ಹಿಂದಿನ ಚಕ್ರಕ್ಕೆ ಒಂದು ಕಲ್ಲು. ವಾಹನ ಅಂಗಳಕ್ಕೆ ಬಂದೊಡನೆ ಓಡಿಹೋಗಿ ಕಲ್ಲಿಡುವುದು ಮೊಮ್ಮಗಳ ಹಕ್ಕು. "ತಾತಾ, ಇಟ್ಟೆ!" ಎಂದು ಅವಳು ಕೂಗಿದ ಮೇಲೆಯೇ ಮೇಷ್ಟ್ರು ಬ್ರೇಕಿನ ಮೇಲಿನ ಕಾಲನ್ನು ತೆಗೆಯುತ್ತಿದ್ದರು. ಹೀಗೆ ಮೂರು ವರ್ಷ ಕಳೆದಿದ್ದವು. ಕಲ್ಲು ನುಣುಪಾಗಿತ್ತು, ಮಗು ಎತ್ತರವಾಗಿದ್ದಳು, ಕೈಬ್ರೇಕು ಇದ್ದಂತೆಯೇ ಇತ್ತು.

ರಾಗಿಯ ಕೊಯ್ಲು ಮುಗಿದ ಕಾಲ. ರಸ್ತೆಯ ಮೇಲೆ ಹರಡಿದ ತೆನೆಯನ್ನು ಹೋಗಿಬರುವ ಬಸ್ಸು ಲಾರಿಗಳಿಂದಲೇ ತುಳಿಸಿ ಒಕ್ಕಣೆ ಮಾಡಿಸುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಪದ್ಧತಿ. ಆ ಸಂಜೆ ಮೇಷ್ಟ್ರು, ಅವರ ಹೆಂಡತಿ, ಮೊಮ್ಮಗಳು ಬಂಗಾರಪೇಟೆಯಿಂದ ಹಿಂದಿರುಗುತ್ತಿದ್ದರು. ವಾಹನ ಖಾಲಿ. ಕೆರೆಯ ಏರಿಯ ತಿರುವಿನಲ್ಲಿ ಯಾರೋ ಟಾರ್ಚು ಬೀಸಿದರು. ಆನೆಯ ಸುಳಿವು ಸಿಕ್ಕು, ಬರುವವರನ್ನು ತಡೆಯಲು ನಿಂತಿದ್ದ ಊರಿನ ಹುಡುಗರು ಅವರು. ಮೇಷ್ಟ್ರು ಗಾಬರಿಯಿಂದ ಬ್ರೇಕು ಒತ್ತಿದರು. ಮುಂದಿನ ಚಕ್ರಗಳು ನೇರವಾಗಿಯೇ ಹೋಗುತ್ತಿರಲು, ಒಕ್ಕಿ ಉಳಿದ ಹುಲ್ಲು ಹೊಟ್ಟಿನ ಮೇಲೆ ಹಿಂಭಾಗ ಸರ್ರನೆ ಪಕ್ಕಕ್ಕೆ ಸರಿಯಿತು. ವಾಹನ ರಸ್ತೆಗೆ ಅಡ್ಡಲಾಗಿ ತಿರುಗಿ, ಹಿಂದಿನ ಒಂದು ಚಕ್ರ ಏರಿಯ ಅಂಚಿಗೆ ಒಂದು ಮೊಳದಷ್ಟು ಹತ್ತಿರ ನಿಂತಿತು. ಕೆಳಗೆ ನೀರು.

ಯಾರಿಗೂ ಗಾಯವಾಗಲಿಲ್ಲ. ಆನೆಯೂ ಕಾಣಿಸಲಿಲ್ಲ. ಮೇಷ್ಟ್ರ ಹೆಂಡತಿ ಮನೆ ತಲುಪುವವರೆಗೆ ಮಾತಾಡಲಿಲ್ಲ. ಅಂಗಳದಲ್ಲಿ ಇಳಿದ ಮೊಮ್ಮಗಳು ಎಂದಿನಂತೆ ಕಲ್ಲಿಟ್ಟು ಬಂದು ಕೇಳಿದಳು: "ತಾತಾ, ಬ್ರೇಕು ಹಾಕಿದರೆ ಗಾಡಿ ನಿಲ್ಲಬೇಕಲ್ಲ? ನಮ್ಮದು ಯಾಕೆ ತಿರುಗಿತು?"

ನಾಲ್ವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ್ದವರಿಗೆ ಅಂದು ಉತ್ತರ ದೊರೆಯಲಿಲ್ಲ.

ಮಗನ ಬಳಿ ಉತ್ತರ ಸಿದ್ಧವಾಗಿತ್ತು. ರಾತ್ರಿ ಊಟವಾದ ಮೇಲೆ ಅವನು ಕಾಗದ ಪೆನ್ಸಿಲು ಹಿಡಿದು ಕುಳಿತ. ದೋಷವೆಲ್ಲ ಹಿಂದಿನ ಚಕ್ರಗಳ ಡ್ರಮ್ ಬ್ರೇಕಿನದು. ಅದು ಹಳೆಯ ಕಾಲದ್ದು. ಅದನ್ನು ಕಿತ್ತು ಡಿಸ್ಕ್ ಬ್ರೇಕು ಹಾಕಿಸಬೇಕು. ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೋ ಶಿವಾಜಿನಗರದ ಗುಜರಿಯಲ್ಲಿಯೋ ಸಿಗುತ್ತದೆ. ಬೇರೊಂದು ವಾಹನದ ಕ್ಯಾಲಿಪರನ್ನು ಇದಕ್ಕೆ ಹೊಂದಿಸಬಹುದು, ಎಂದು ಪಟ್ಟಿ ಬೆಳೆಯಿತು. ಕೊನೆಯಲ್ಲಿ ಮೊತ್ತ ಹಾಕಿದಾಗ, ಕೊಳವೆಬಾವಿಯ ಹೊಸ ಮೋಟಾರಿಗೆಂದು ತೆಗೆದಿರಿಸಿದ್ದ ಒಂದು ಬೆಳೆಯ ಹಣ ಅದಕ್ಕೆ ಸರಿಹೋಗುವಂತಿತ್ತು. "ದುಡ್ಡಿನ ಮುಖ ನೋಡಬೇಡಿ ಅಪ್ಪಾ, ಮಗು ಆ ಗಾಡಿಯಲ್ಲಿ ಕೂರುತ್ತಾಳೆ," ಎಂದ ಮಗ. ಆ ಮಾತಿಗೆ ಎದುರಾಡುವ ತಾತ ಎಲ್ಲಿಯೂ ಇರಲಾರ.

ಮಗನ ಮಾತು ಪೂರ್ತಿ ತಪ್ಪೂ ಅಲ್ಲ. ಡ್ರಮ್ಮು ಎಂದರೆ ಚಕ್ರದೊಡನೆ ತಿರುಗುವ ಒಂದು ಕಬ್ಬಿಣದ ಬೋಗುಣಿ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳು ಹೊರಕ್ಕೆ ಅರಳಿ ಬೋಗುಣಿಯ ಒಳಮೈಯನ್ನು ಒತ್ತುತ್ತವೆ. ಘಟ್ಟದ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕು ಹಾಕಿದರೆ ಶಾಖ ಒಳಗೇ ಕೂಡುತ್ತದೆ. ಕಾದ ಬೋಗುಣಿ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಕಾಲು ಎಷ್ಟು ಒತ್ತಿದರೂ ಹಿಡಿತ ಸಾಲದು. ನೀರು ಹೊಕ್ಕರೆ ಬೇಗ ಆರುವುದಿಲ್ಲ. ಡಿಸ್ಕ್ ಬ್ರೇಕಿನಲ್ಲಾದರೋ ಗಾಳಿಗೆ ತೆರೆದ ಒಂದು ಲೋಹದ ತಟ್ಟೆ. ಅದನ್ನು ಎರಡೂ ಕಡೆಯಿಂದ ಪ್ಯಾಡುಗಳು ಇಕ್ಕಳದಂತೆ ಹಿಡಿಯುತ್ತವೆ. ಶಾಖ ಬೇಗ ಹೊರಹೋಗುತ್ತದೆ, ನೀರು ಚಿಮ್ಮಿ ಹೋಗುತ್ತದೆ, ಸವೆತ ಕಣ್ಣಿಗೆ ಕಾಣುತ್ತದೆ.

ಇದರಲ್ಲಿ ಹಳತು ಹೊಸತೆಂಬ ಭೇದ ಮಾಡುವುದು ಮಾತ್ರ ಸರಿಯಲ್ಲ. ಎರಡೂ 1902ರ ಕೂಸುಗಳು. ಆ ವರ್ಷ ಫ್ರಾನ್ಸಿನ ಲೂಯಿ ರೆನೊ ಡ್ರಮ್ ಬ್ರೇಕನ್ನು ರೂಪಿಸಿದ; ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಹಕ್ಕುಪತ್ರ ಪಡೆದ. ಕೋಲಾರದವರಿಗೆ ಆ ವರ್ಷ ಬೇರೊಂದು ಕಾರಣಕ್ಕೆ ನೆನಪಿನಲ್ಲಿರಬೇಕು: ಶಿವನಸಮುದ್ರದ ವಿದ್ಯುತ್ತು ಚಿನ್ನದ ಗಣಿಗಳಿಗೆ ಹರಿದು ಬಂದದ್ದು 1902ರಲ್ಲಿಯೇ. ಡ್ರಮ್ಮು ಒಡನೆಯೇ ಲೋಕದ ಕೈಹಿಡಿಯಿತು. ಡಿಸ್ಕು ಅರ್ಧ ಶತಮಾನ ಕಾಯಬೇಕಾಯಿತು. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆ, ಓಟದ ಗೆಲುವು ನಿಲ್ಲುವ ಶಕ್ತಿಯಲ್ಲೂ ಇದೆಯೆಂದು ಜನ ಒಪ್ಪಿದರು. 1955ರ ಸಿಟ್ರೊಎನ್ ಕಾರಿನಲ್ಲಿ ಅದು ಮುಂದಿನ ಚಕ್ರಗಳಿಗೆ ಬಂತು. ಮುಂದೆ ಡಿಸ್ಕು, ಹಿಂದೆ ಡ್ರಮ್ಮು ಎಂಬ ಜೋಡಿ ನಮ್ಮಲ್ಲಿಯೂ ಬಹುಕಾಲ ನಡೆದುಬಂದಿದೆ. 2000ರಲ್ಲಿ ನಮ್ಮ ರಸ್ತೆಗಿಳಿದ ಕ್ವಾಲಿಸಿನದೂ ಅದೇ ಏರ್ಪಾಡು.

ಹಾಗಾದರೆ ಹಿಂದೆ ಮಾತ್ರ ಡ್ರಮ್ಮನ್ನು ಉಳಿಸಿದ್ದು ಜಿಪುಣತನದಿಂದಲೇ? ಮೇಷ್ಟ್ರ ಮಗ ಹಾಗೆಯೇ ತಿಳಿದಿದ್ದ. ಮರುದಿನ ಭಾನುವಾರ ತಂದೆ ಮಗ ಇಬ್ಬರೂ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ನಡಿಗೆಯ ವೇಗದಲ್ಲಿ ವಾಹನ ನಡೆಸುತ್ತ, ರಾಬರ್ಟ್‌ಸನ್‌ಪೇಟೆಯ ಒಬ್ಬ ಹಳೆಯ ಮೇಸ್ತ್ರಿಯ ಬಳಿಗೆ ಹೋದರು.

ಮೇಸ್ತ್ರಿ ಚಿನ್ನದ ಗಣಿಯ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಕಲಿತವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಸಾವಿರಾರು ಜನರೊಡನೆ ಅವರೂ ಬೀದಿಗೆ ಬಿದ್ದರು. ಕೈಯಲ್ಲಿದ್ದ ವಿದ್ಯೆಯೊಂದು ಬೀದಿಗೆ ಬೀಳಲಿಲ್ಲ. ಅವರು ಪಟ್ಟಿಯನ್ನು ಎರಡು ಬಾರಿ ಓದಿದರು. ನಗಲಿಲ್ಲ, ಅದು ಅವರ ದೊಡ್ಡತನ.

"ಆಗದ ಕೆಲಸವೇನಲ್ಲ ತಮ್ಮಾ," ಎಂದರು. "ಮಾಡಬೇಕಾದ್ದನ್ನು ಕೇಳಿ. ಆಕ್ಸಲ್ ಹೊರಕ್ಕೆ ಎಳೆದು ಡ್ರಮ್ಮಿನ ಹಿಂದಿನ ತಗಡನ್ನು ತೆಗೆಯಬೇಕು. ಅದು ಕೂತಿದ್ದ ಜಾಗದಲ್ಲಿ ಕ್ಯಾಲಿಪರ್ ಹಿಡಿಯುವ ದಪ್ಪ ಉಕ್ಕಿನ ಪಟ್ಟಿಯನ್ನು ಕೊರೆದು ಕೂರಿಸಬೇಕು. ಡಿಸ್ಕು ಹಬ್ಬಿಗೆ ಕೂದಲೆಳೆಯಷ್ಟೂ ಓರೆಯಾಗದೆ ಕೂರಬೇಕು. ಕ್ಯಾಲಿಪರು ಚಕ್ರದ ಒಳಮೈಗೆ ತಾಗಕೂಡದು. ಇದೆಲ್ಲ ಕಬ್ಬಿಣದ ಕೆಲಸ. ಒಳ್ಳೆಯ ಲೇತು, ಒಳ್ಳೆಯ ಕೈ ಇದ್ದರೆ ಆಗುತ್ತದೆ. ಕಷ್ಟವಿರುವುದು ಎಣ್ಣೆಯ ಲೆಕ್ಕದಲ್ಲಿ."

ಅವರು ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದರು. ಡ್ರಮ್ಮಿನಲ್ಲಿ ಒಂದು ಗುಟ್ಟಿದೆ. ಬಾಗಿಲ ಕೆಳಗೆ ಸಿಕ್ಕ ಬೆಣೆಯನ್ನು ಬಾಗಿಲೇ ಇನ್ನಷ್ಟು ಬಿಗಿಯಾಗಿ ಎಳೆದುಕೊಳ್ಳುವಂತೆ, ತಿರುಗುವ ಡ್ರಮ್ಮು ಮುಂದಿನ ಶೂವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಸ್ವಲ್ಪ ಒತ್ತಿದರೆ ಹೆಚ್ಚು ಹಿಡಿಯುತ್ತದೆ. ಡಿಸ್ಕಿಗೆ ಈ ಗುಣವಿಲ್ಲ. ಅದಕ್ಕೆ ಒತ್ತಡ ಹೆಚ್ಚು ಬೇಕು. ಕ್ಯಾಲಿಪರಿನ ಪಿಸ್ಟನ್ನು ದೊಡ್ಡದಾದ್ದರಿಂದ ಎಣ್ಣೆಯೂ ಹೆಚ್ಚು ಬೇಕು. ಪೆಡಲಿನ ಮುಂದಿನ ಮಾಸ್ಟರ್ ಸಿಲಿಂಡರು ಅಷ್ಟು ನೂಕಲಾರದಿದ್ದರೆ ಪೆಡಲು ನೆಲ ಮುಟ್ಟುತ್ತದೆ. ಕೆಲವು ವಾಹನಗಳಲ್ಲಿ ಡ್ರಮ್ಮಿನ ಶೂಗಳು ಸಿದ್ಧವಾಗಿರಲೆಂದು ಕೊಳವೆಯಲ್ಲಿ ತುಸು ಒತ್ತಡ ಉಳಿಸುವ ಕವಾಟವಿರುತ್ತದೆ. ಅದನ್ನು ತೆಗೆಯದೆ ಡಿಸ್ಕು ಹಾಕಿದರೆ ಪ್ಯಾಡು ಸದಾ ಉಜ್ಜುತ್ತ ಕಾಯುತ್ತದೆ. ಇನ್ನು ಕೈಬ್ರೇಕು: ಡ್ರಮ್ಮಿಗೆ ಅದು ಸಲೀಸು. ಡಿಸ್ಕಿಗಾದರೆ ಕೈಬ್ರೇಕಿನ ಸನ್ನೆಯಿರುವ ಬೇರೆ ಬಗೆಯ ಕ್ಯಾಲಿಪರು ಬೇಕು. ಇಲ್ಲವೆ ಡಿಸ್ಕಿನ ಹೊಟ್ಟೆಯೊಳಗೇ ಒಂದು ಪುಟ್ಟ ಡ್ರಮ್ಮನ್ನು ಇಡಬೇಕು.

"ಡ್ರಮ್ಮು ಬೇಡವೆಂದು ಡಿಸ್ಕು ಹಾಕಿಸಿ, ಡಿಸ್ಕಿನೊಳಗೆ ಮತ್ತೆ ಡ್ರಮ್ಮೇ?" ಎಂದರು ಮೇಷ್ಟ್ರು.

"ಹೌದು ಮೇಷ್ಟ್ರೇ. ಹಳಬರನ್ನು ಮನೆಯಿಂದ ಕಳಿಸುವುದು ಅಷ್ಟು ಸುಲಭವಲ್ಲ," ಎಂದು ಮೇಸ್ತ್ರಿ ಮೊದಲ ಬಾರಿಗೆ ನಕ್ಕರು.

ಆಮೇಲೆ ಅವರು ಕೇಳಿದ ಪ್ರಶ್ನೆ ತಂದೆ ಮಗ ಇಬ್ಬರೂ ನಿರೀಕ್ಷಿಸದೆ ಇದ್ದದ್ದು. "ನಿನ್ನೆ ಗಾಡಿಯ ಬಾಲ ತಿರುಗಿತು ಎಂದಿರಿ. ಹಿಂದಿನ ಬ್ರೇಕು ಕಡಿಮೆಯಾದರೆ ಗಾಡಿ ಮುಂದಕ್ಕೆ ಹೋಗಬೇಕು. ಬಾಲ ಏಕೆ ತಿರುಗಬೇಕು?"

ಮಗ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನಾದ.

ಓಡುವ ವಾಹನಕ್ಕೆ ಬ್ರೇಕು ಹಾಕಿದಾಗ ಅದರ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಬಸ್ಸಿನಲ್ಲಿ ನಿಂತ ಎಲ್ಲರಿಗೂ ಇದು ಅನುಭವವೇದ್ಯ. 1700 ಕಿಲೋ ತೂಗುವ ಖಾಲಿ ವಾಹನದ ಭಾರ ನಿಂತಾಗ ಮುಂದೆ ಹಿಂದೆ ಸಮನಾಗಿದೆಯೆಂದು ಎಣಿಸಿದರೆ, ಬಲವಾಗಿ ಬ್ರೇಕು ಹಾಕಿದ ಕ್ಷಣ ಸುಮಾರು 280 ಕಿಲೋ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಮುಂದೆ ಎರಡು ಪಾಲು, ಹಿಂದೆ ಒಂದು ಪಾಲು. ಹಗುರಾದ ಹಿಂದಿನ ಚಕ್ರಗಳು ರಸ್ತೆಯನ್ನು ಹಗುರವಾಗಿಯೇ ಮುಟ್ಟುತ್ತಿರುತ್ತವೆ. ಆಗ ಅವನ್ನು ಹೆಚ್ಚು ಬಿಗಿಯಾಗಿ ಹಿಡಿದರೆ ಅವು ಉರುಳುವುದನ್ನೇ ಬಿಟ್ಟು ಜಾರುತ್ತವೆ. ಜಾರುವ ಚಕ್ರಕ್ಕೆ ದಿಕ್ಕಿನ ಹಂಗಿಲ್ಲ; ಬಾಲ ತಲೆಯನ್ನು ದಾಟಲು ನೋಡುತ್ತದೆ. ಮುಂದಿನ ಚಕ್ರ ಮೊದಲು ಜಾರಿದರೆ ವಾಹನ ನೇರ ಹೋಗುತ್ತದೆ. ಹಿಂದಿನದು ಮೊದಲು ಜಾರಿದರೆ ತಿರುಗುತ್ತದೆ. ಆದ್ದರಿಂದಲೇ ವಾಹನ ಕಟ್ಟುವವರು ಹಿಂದಿನ ಬ್ರೇಕನ್ನು ಬೇಕೆಂದೇ ಮಿತದಲ್ಲಿಡುತ್ತಾರೆ. ಹೊಸ ಕಾರುಗಳ ಹಿಂದೆ ಡಿಸ್ಕು ನಿಶ್ಚಿಂತೆಯಿಂದ ಇರುವುದಕ್ಕೆ, ಚಕ್ರ ಜಾರದಂತೆ ಕಾಯುವ ಎಬಿಎಸ್ ಎಂಬ ಏರ್ಪಾಡೂ ಒಂದು ಕಾರಣ. ಮೇಷ್ಟ್ರ ವಾಹನಕ್ಕೆ ಆ ಕಾವಲುಗಾರನಿಲ್ಲ.

"ಅಂದರೆ ನಿನ್ನೆ ಹಿಂದಿನ ಬ್ರೇಕು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ ತಿರುಗಿತೇ?" ಎಂದ ಮಗ.

"ಬಿಚ್ಚಿ ನೋಡೋಣ. ಬಿಚ್ಚದೆ ಹೇಳುವುದು ಜ್ಯೋತಿಷ್ಯ," ಎಂದರು ಮೇಸ್ತ್ರಿ.

ಬಲಗಡೆಯ ಡ್ರಮ್ಮು ಬಿಚ್ಚಿದಾಗ ಶೂಗಳು ಒಣಗಿ ಗಟ್ಟಿಯಾಗಿದ್ದವು. ಎಡಗಡೆಯದನ್ನು ಬಿಚ್ಚಿದಾಗ ಒಳಗೆಲ್ಲ ಕಪ್ಪು ಜಿಡ್ಡು; ಆಕ್ಸಲಿನ ರಬ್ಬರ್ ಸೀಲು ಒಡೆದು ಗೇರಿನ ಎಣ್ಣೆ ಶೂಗಳನ್ನು ತೋಯಿಸಿತ್ತು. ಹುಡುಗನೊಬ್ಬ ಬಾಯಿಂದ ಧೂಳು ಊದಲು ಹೋದ. ಮೇಸ್ತ್ರಿ ಅವನನ್ನು ಗದರಿಸಿ, ಒದ್ದೆ ಬಟ್ಟೆಯಿಂದ ಒರೆಸಿಸಿದರು. ಹಳೆಯ ಶೂಗಳ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಗಣಿಯ ಊರಿನವರಿಗೆ ಧೂಳಿನ ಭಯವನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಬಳಿಕ ಅವರು ವಾಹನದ ಅಡಿಗೆ ನುಸುಳಿ, ಹಿಂದಿನ ಆಕ್ಸಲಿನ ಬಳಿ ಇದ್ದ ಸಣ್ಣ ಸನ್ನೆಯೊಂದನ್ನು ಅಲುಗಾಡಿಸಿದರು. ಅದು ಅಲುಗಲಿಲ್ಲ. ಅದೇ ಭಾರ ಅಳೆಯುವ ಕವಾಟ. ಹಿಂದೆ ಹೊರೆಯಿದ್ದರೆ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ, ಖಾಲಿಯಿದ್ದರೆ ಕಡಿಮೆ ಎಂದು ಹಂಚುವುದು ಅದರ ಕೆಲಸ. ಹದಿನೈದು ಕಿಲೋದ ಇಪ್ಪತ್ತು ಟೊಮೇಟೊ ಪೆಟ್ಟಿಗೆ ಏರಿದರೆ ಹಿಂದೆ 300 ಕಿಲೋ ಕೂಡುತ್ತದೆ, ಇಳಿದರೆ ಕಳೆಯುತ್ತದೆ, ಲೆಕ್ಕ ದಿನವೂ ಬದಲಾಗುತ್ತದೆ. ವರ್ಷಗಟ್ಟಲೆ ಕೆಸರು ಧೂಳು ಮೆತ್ತಿ, ಆ ಸನ್ನೆ ತುಂಬಿದ ಹೊರೆಯ ಸ್ಥಾನದಲ್ಲಿಯೇ ತುಕ್ಕು ಹಿಡಿದು ನಿಂತಿತ್ತು. ಮಂಡಿಗೆ ಹೋಗುವಾಗ ದೋಷ ತಿಳಿಯಲಿಲ್ಲ. ಖಾಲಿ ವಾಹನದಲ್ಲಿ, ಹೊಟ್ಟು ಹರಡಿದ ರಸ್ತೆಯಲ್ಲಿ, ಒಣಗಿದ ಬಲಚಕ್ರ ಪೂರ್ತಿ ಒತ್ತಡಕ್ಕೆ ಸಿಕ್ಕು ಕಚ್ಚಿಕೊಂಡಿತು. ಎಣ್ಣೆಯಲ್ಲಿ ತೋಯ್ದ ಎಡಚಕ್ರ ಉರುಳುತ್ತಲೇ ಇತ್ತು. ಬಾಲ ತಿರುಗದೆ ಇನ್ನೇನು ಮಾಡೀತು?

"ಇದರ ಮೇಲೆ ಡಿಸ್ಕು ಹಾಕಿದ್ದರೆ ಕಾಯಿಲೆ ಹಾಗೆಯೇ ಉಳಿದು ಹೊಸ ಅಂಗಿ ತೊಡಿಸಿದಂತೆ," ಎಂದರು ಮೇಸ್ತ್ರಿ. ಕೈ ಒರೆಸಿಕೊಳ್ಳುತ್ತ, "ಕೈಬ್ರೇಕು ಹಿಡಿಯುತ್ತಿತ್ತೇ?" ಎಂದು ಕೇಳಿದರು.

ಮೇಷ್ಟ್ರು ಕಲ್ಲಿನ ಕಥೆ ಹೇಳಿದರು. ಮೂರು ವರ್ಷವೆಂದಾಗ ಅವರ ದನಿ ತಾನಾಗಿಯೇ ತಗ್ಗಿತು.

"ಕಲ್ಲಿಟ್ಟ ದಿನವೇ ಗಾಡಿ ನಿಮಗೆ ಹೇಳಿತ್ತು ಮೇಷ್ಟ್ರೇ. ನೀವು ಅದರ ಬಾಯಿಗೆ ಕಲ್ಲಿಟ್ಟಿರಿ."

ಮಾತು ಒರಟಾಗಿತ್ತು, ಸುಳ್ಳಾಗಿರಲಿಲ್ಲ. ಮೂರು ವರ್ಷ ದಿನವೂ ಮಗುವಿನ ಕೈಯಲ್ಲೇ ಆ ಎಚ್ಚರಿಕೆಯನ್ನು ಕೊಟ್ಟು ಕಳಿಸಿದ್ದವರು ತಾವೇ ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು. ಇದು ಅವರೊಬ್ಬರ ಕಥೆಯಲ್ಲ. ಸೋರುವ ಛಾವಣಿಗೆ ಬಕೀಟು ಇಟ್ಟು, ಬಕೀಟು ಇಟ್ಟಿದ್ದೇವಲ್ಲ ಎಂದು ನೆಮ್ಮದಿಯಿಂದ ಮಲಗುವವರು ಎಲ್ಲ ಊರುಗಳಲ್ಲೂ ಇದ್ದಾರೆ. ತಾತ್ಕಾಲಿಕ ಉಪಾಯಕ್ಕೆ ಒಂದು ಮೋಹಕ ಗುಣವಿದೆ: ಅದು ತೊಂದರೆಯನ್ನು ಕಳೆಯುವುದಿಲ್ಲ, ತೊಂದರೆಯ ನೆನಪನ್ನು ಕಳೆಯುತ್ತದೆ.

ಚಹಾ ಬಂತು. ಮೇಸ್ತ್ರಿ ಗಣಿಯ ಕಾಲವನ್ನು ನೆನೆದರು. ಚಾಂಪಿಯನ್ ರೀಫಿನ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಆಳಕ್ಕೆ ಜನರನ್ನು ಪಂಜರಗಳಲ್ಲಿ ಹಂತಹಂತವಾಗಿ ಇಳಿಸುತ್ತಿದ್ದದ್ದು ದೊಡ್ಡ ಉರುಳೆಗೆ ಸುತ್ತಿದ ಉಕ್ಕಿನ ಹಗ್ಗ. ಉರುಳೆಯನ್ನು ಹಿಡಿಯುತ್ತಿದ್ದದ್ದು ಬ್ರೇಕು. ಆದರೆ ಗಣಿಯಂತ್ರದ ಬ್ರೇಕಿಗೂ ಮೋಟಾರಿನ ಬ್ರೇಕಿಗೂ ಒಂದು ಅಂತರವಿದೆ. ಗಣಿಯಲ್ಲಿ ಭಾರದ ತೂಕವೇ ಬ್ರೇಕನ್ನು ಸದಾ ಒತ್ತಿರುತ್ತದೆ. ಯಂತ್ರದ ಶಕ್ತಿಯಿಂದ ಅದನ್ನು ಎತ್ತಿ ಹಿಡಿದರೆ ಮಾತ್ರ ಉರುಳೆ ತಿರುಗುತ್ತದೆ. ಶಕ್ತಿ ತಪ್ಪಿತೋ, ತೂಕ ಬಿದ್ದು ಬ್ರೇಕು ತಾನಾಗಿ ಹಿಡಿಯುತ್ತದೆ. ಕಾಮಸಮುದ್ರದ ಸೀಮೆಯಲ್ಲಿ ಹಾದುಹೋಗುವ ರೈಲುಗಳ ಗಾಳಿಬ್ರೇಕಿನದೂ ಅದೇ ನೀತಿ. ಕೊಳವೆ ಒಡೆದು ಗಾಳಿ ಹೋದರೆ ರೈಲು ನಿಲ್ಲುತ್ತದೆ. "ಅಲ್ಲಿ ಕೆಟ್ಟರೆ ನಿಲ್ಲುತ್ತದೆ. ಇಲ್ಲಿ ಕೆಟ್ಟರೆ ನಿಲ್ಲುವುದಿಲ್ಲ. ಅದಕ್ಕೇ ಇಲ್ಲಿ ಕಣ್ಣು ಹೆಚ್ಚು ಬೇಕು," ಎಂದರು ಮೇಸ್ತ್ರಿ.

ಮಗನಿಗೆ ಇನ್ನೂ ಡಿಸ್ಕಿನ ಆಸೆ ಪೂರ್ತಿ ಬಿಟ್ಟಿರಲಿಲ್ಲ. ಅವನಲ್ಲಿ ವಿಚಾರಶಕ್ತಿಗೆ ಕೊರತೆಯಿಲ್ಲ. ಕೆಸರಿನ ಹಾದಿ, ಘಟ್ಟದ ಇಳಿಜಾರು, ದೊಡ್ಡ ಟೈರು, ಇವುಗಳಲ್ಲಿಯೇ ದಿನ ಕಳೆಯುವ ವಾಹನಕ್ಕೆ, ಎಣ್ಣೆಯ ಲೆಕ್ಕವನ್ನೆಲ್ಲ ಸರಿಯಾಗಿ ಕಟ್ಟಿ ಪರೀಕ್ಷಿಸಿದರೆ, ಹಿಂದಿನ ಡಿಸ್ಕು ಲಾಭವೇ ಎಂದು ಮೇಸ್ತ್ರಿಯೂ ಒಪ್ಪಿದರು. ಆದರೆ ಕಾನೂನಿನ ಮಾತೊಂದಿದೆ. ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ಗೊತ್ತುಮಾಡಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಬ್ರೇಕಿನಂಥ ಪ್ರಾಣಸ್ಥಾನಕ್ಕೆ ಕೈಹಾಕುವ ಮುನ್ನ ಸಾರಿಗೆ ಕಚೇರಿಯನ್ನೂ ವಿಮೆಯವರನ್ನೂ ಬರಹದಲ್ಲಿ ಕೇಳಿಕೊಳ್ಳುವುದು ವಿವೇಕ. ಗುಜರಿಯಿಂದ ತಂದ ಕ್ಯಾಲಿಪರಿಗೆ ಅಪಘಾತದ ಮರುದಿನ ಸಾಕ್ಷಿ ಹೇಳುವವರು ಯಾರೂ ಇರುವುದಿಲ್ಲ.

ಮಗ ಪಟ್ಟಿಯ ಕಾಗದವನ್ನು ತಿರುವಿ ಹಾಕಿ, ಹಿಂಬದಿಯಲ್ಲಿ ಬೇರೊಂದು ಲೆಕ್ಕ ಮಾಡಿದ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಕಣ್ಣು ಕಂಡದ್ದನ್ನು ಕಾಲು ಕೇಳುವ ಒಂದು ಸೆಕೆಂಡಿನಲ್ಲಿ ವಾಹನ 17 ಮೀಟರು ಹೋಗಿರುತ್ತದೆ, ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೂ ನಿಲ್ಲಲು ಇನ್ನು 23 ಮೀಟರು, ಒಟ್ಟು 40. ವೇಗ 40 ಆದರೆ 11 ಮತ್ತು 10; ಒಟ್ಟು 21. "ವೇಗವನ್ನು ಮೂರರಲ್ಲಿ ಒಂದು ಪಾಲು ಇಳಿಸಿದರೆ ನಿಲ್ಲುವ ದೂರ ಹೆಚ್ಚುಕಡಿಮೆ ಅರ್ಧವಾಗುತ್ತದೆ ಅಪ್ಪಾ," ಎಂದ. ಆ ಸಂಜೆ ಏರಿಯ ತಿರುವಿನಲ್ಲಿ ಮುಳ್ಳು ಎಷ್ಟರಲ್ಲಿತ್ತೆಂದು ಅವನು ಕೇಳಲಿಲ್ಲ. ಮೇಷ್ಟ್ರು ಹೇಳಲೂ ಇಲ್ಲ. ಇಬ್ಬರೂ ಕಾಗದವನ್ನು ನೋಡುತ್ತ ಕುಳಿತರು.

ಮೂರು ದಿನ ವಾಹನ ಮೇಸ್ತ್ರಿಯ ಅಂಗಳದಲ್ಲಿಯೇ ಉಳಿಯಿತು. ಆಕ್ಸಲಿನ ಎರಡೂ ಸೀಲು ಹೊಸದಾದವು. ಶೂಗಳನ್ನು ಒಂದು ಕಡೆಗೆ ಮಾತ್ರ ಬದಲಿಸದೆ ಎರಡೂ ಕಡೆಗೆ ಜೋಡಿಯಾಗಿ ಬದಲಿಸಿದರು. ಒಂದು ಕಡೆ ಹೊಸತು ಒಂದು ಕಡೆ ಹಳತಾದರೆ ಹಿಡಿತ ಮತ್ತೆ ಓರೆಯಾಗುತ್ತದೆ. ಡ್ರಮ್ಮುಗಳನ್ನು ಲೇತಿಗೆ ಕೊಟ್ಟು ಒಳಮೈ ಸಮ ಮಾಡಿಸಿ, ತಯಾರಕರು ಹೇಳಿದ ಮಿತಿಯನ್ನು ಮೀರಿ ಅಗಲವಾಗಿಲ್ಲವೆಂದು ಅಳೆದರು. ಭಾರದ ಕವಾಟ ಹೊಸದು ಬಂತು. ಮುಂದಿನ ಪ್ಯಾಡುಗಳೂ ಸವೆದಿದ್ದವು, ಅವೂ ಬದಲಾದವು. ಕಾಫಿಯ ಬಣ್ಣಕ್ಕೆ ತಿರುಗಿದ್ದ ಬ್ರೇಕ್ ಎಣ್ಣೆಯನ್ನು ಪೂರ್ತಿ ಚೆಲ್ಲಿದರು. ಈ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 3 ದರ್ಜೆಯ ಹೊಸ ಎಣ್ಣೆ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕಾದರೆ, ನೀರು ಹೀರಿದ ಎಣ್ಣೆ 140ರ ಸುಮಾರಿಗೇ ಕುದಿಯಬಹುದು. ಕುದಿದರೆ ಕೊಳವೆಯಲ್ಲಿ ಆವಿ. ಆವಿಯನ್ನು ಒತ್ತಿದರೆ ಪೆಡಲು ಹತ್ತಿಯನ್ನು ಒತ್ತಿದಂತೆ. ಕೈಬ್ರೇಕಿನ ತಂತಿಯೂ ಹೊಸದಾಯಿತು. ಇಷ್ಟಕ್ಕೂ ಆದ ವೆಚ್ಚವನ್ನು ಕಳೆದ ಮೇಲೆ ಕೊಳವೆಬಾವಿಯ ಮೋಟಾರಿನ ಹಣ ಬಹುಪಾಲು ಉಳಿದಿತ್ತು.

ಮೇಸ್ತ್ರಿ ವಾಹನವನ್ನು ಹಾಗೆಯೇ ಒಪ್ಪಿಸಲಿಲ್ಲ. ಜನಸಂಚಾರವಿಲ್ಲದ ಬಯಲಿನಲ್ಲಿ ಮೊದಲು ಖಾಲಿಯಾಗಿ, ಆಮೇಲೆ ಇಪ್ಪತ್ತು ಪೆಟ್ಟಿಗೆಗಳ ಭಾರ ಹೇರಿ, ಮೆಲ್ಲನೆಯ ವೇಗದಿಂದ ಆರಂಭಿಸಿ ಮತ್ತೆ ಮತ್ತೆ ನಿಲ್ಲಿಸಿದರು. ಪ್ರತಿ ಸಲವೂ ಇಳಿದು ನೆಲದ ಮೇಲಿನ ಟೈರಿನ ಗುರುತನ್ನು ಬಗ್ಗಿ ನೋಡಿದರು. ಮುಂದಿನ ಚಕ್ರಗಳ ಗುರುತು ಮೊದಲು, ಗೆರೆ ನೇರ. ಮಗ ಸ್ಟಿಯರಿಂಗಿನಿಂದ ಕೈಯನ್ನು ತುಸುವೇ ಸಡಿಲಿಸಿ ಬ್ರೇಕು ಒತ್ತಿದ; ವಾಹನ ಎಡಕ್ಕೂ ಬಲಕ್ಕೂ ವಾಲದೆ ನಿಂತಿತು. ಅವನ ಮುಖದಲ್ಲಿ, ಡಿಸ್ಕು ಹಾಕಿಸಿದ್ದರೆ ಮೂಡುತ್ತಿದ್ದ ಗರ್ವ ಇರಲಿಲ್ಲ. ಅದಕ್ಕಿಂತ ಹೆಚ್ಚು ಬಾಳುವ ಸಮಾಧಾನವಿತ್ತು.

ಸಂಜೆ ವಾಹನ ಮನೆಯ ಅಂಗಳಕ್ಕೆ ಬಂದಾಗ ಮೊಮ್ಮಗಳು ಕಲ್ಲು ಹಿಡಿದು ಸಿದ್ಧಳಾಗಿದ್ದಳು. ಮೇಷ್ಟ್ರು ಕೈಬ್ರೇಕನ್ನು ಎಳೆದರು. ಕರಕರನೆ ನಾಲ್ಕು ಹಲ್ಲು ಏರಿ ನಿಂತಿತು. ಕಾಲು ತೆಗೆದರು. ವಾಹನ ಕದಲಲಿಲ್ಲ.

"ಇನ್ನು ಬೇಡಮ್ಮ," ಎಂದರು.

ತನ್ನ ಉದ್ಯೋಗ ಹೋದದ್ದಕ್ಕೆ ಮಗುವಿನ ಮುಖ ಸಣ್ಣದಾಯಿತು. ಮೇಷ್ಟ್ರು ಅವಳನ್ನು ಹತ್ತಿರ ಕರೆದು, ಅಂದಿನ ಪ್ರಶ್ನೆಗೆ ಉತ್ತರ ಹೇಳಿದರು. ಬ್ರೇಕೆಂದರೆ ಬಲವಾಗಿ ಹಿಡಿಯುವುದಲ್ಲ, ನಾಲ್ಕು ಚಕ್ರಗಳೂ ತಮ್ಮ ತಮ್ಮ ಪಾಲಿನಷ್ಟು ಹಿಡಿಯುವುದು. ಒಂದು ಹೆಚ್ಚು ಹಿಡಿದು ಮತ್ತೊಂದು ಬಿಟ್ಟುಕೊಟ್ಟರೆ ಗಾಡಿ ತಿರುಗುತ್ತದೆ. ಅವಳು ಯೋಚಿಸಿ, "ನಾಲ್ಕು ಜನ ಮಂಚ ಎತ್ತಿದ ಹಾಗೆ," ಎಂದಳು. ಇಷ್ಟು ಸರಳವಾಗಿ ಹೇಳುವುದು ತಮಗೆ ಏಕೆ ಹೊಳೆಯಲಿಲ್ಲವೆಂದು ಮೇಷ್ಟ್ರು ಬೆರಗಾದರು.

ಅಜ್ಜಿ ಆ ಕಲ್ಲನ್ನು ಎತ್ತಿಕೊಂಡು ಹೋಗಿ ಬಟ್ಟೆ ಒಗೆಯುವ ಬಂಡೆಗೆ ಒತ್ತುಕೊಟ್ಟರು; ಅದು ಬಹಳ ದಿನದಿಂದ ಅಲುಗಾಡುತ್ತಿತ್ತಂತೆ. ಮೊಮ್ಮಗಳು ಮಾತ್ರ ಕತ್ತಲಾಗುವ ಮುನ್ನ ಒಮ್ಮೆ ಅಂಗಳಕ್ಕೆ ಹೋಗಿ, ಹಿಂದಿನ ಚಕ್ರದ ಬಳಿ ಬಗ್ಗಿ ನೋಡಿ, "ತಾತಾ, ಅಲ್ಲೇ ಇದೆ!" ಎಂದು ಕೂಗಿ ಬರುವುದನ್ನು ಬಿಡಲಿಲ್ಲ. ಮೇಷ್ಟ್ರೂ ಬೇಡವೆನ್ನಲಿಲ್ಲ.